ಟ್ರೋಫಿ ಇತ್ತು, ಫೀಸಿಗೆ ದುಡ್ಡಿರಲಿಲ್ಲ

1926ರಲ್ಲಿ ಚಾರ್ಲ್ಸ್ ಡ್ರೂ ಪದವಿ ಮುಗಿಸಿ ಹೊರಬಂದಾಗ ಕೈಯಲ್ಲೊಂದು ಟ್ರೋಫಿ ಇತ್ತು. ನಾಲ್ಕು ವರ್ಷಗಳಲ್ಲಿ ಕಾಲೇಜಿನ ಕ್ರೀಡೆಗೆ ಎಲ್ಲರಿಗಿಂತ ಹೆಚ್ಚು ಕೊಡುಗೆ ನೀಡಿದವರಿಗೆ ಸಿಗುವ ಮಾಸ್‌ಮನ್ ಟ್ರೋಫಿ ಅದು. ಆಸೆ ಮಾತ್ರ ಡಾಕ್ಟರ್ ಆಗುವುದು. ಅದಕ್ಕೆ ಬೇಕಾದ ದುಡ್ಡು ಇರಲಿಲ್ಲ.

ಡ್ರೂ ಹುಟ್ಟಿದ್ದು 1904ರಲ್ಲಿ, ವಾಷಿಂಗ್ಟನ್‌ನ ಕಪ್ಪು ವರ್ಣೀಯ ಕುಟುಂಬವೊಂದರಲ್ಲಿ. ಅಪ್ಪನದು ಕಾರ್ಪೆಟ್ ಹಾಸುವ ಕೆಲಸ. ಮಸಾಚುಸೆಟ್ಸ್‌ನ ಆಮ್‌ಹರ್ಸ್ಟ್ ಕಾಲೇಜಿಗೆ ಅವರನ್ನು ಕರೆದೊಯ್ದದ್ದು ಕ್ರೀಡಾ ವಿದ್ಯಾರ್ಥಿವೇತನ. ಆಮ್‌ಹರ್ಸ್ಟ್ ಎಂದರೆ ದೊಡ್ಡ ವಿಶ್ವವಿದ್ಯಾಲಯವಲ್ಲ. ಪದವಿ ಮಟ್ಟದಲ್ಲಿ ಸಾಹಿತ್ಯ, ವಿಜ್ಞಾನ, ಇತಿಹಾಸ ಎಲ್ಲವನ್ನೂ ಕಲಿಸುವ ಪುಟ್ಟ ಲಿಬರಲ್ ಆರ್ಟ್ಸ್ ಕಾಲೇಜು. ಆಗ ಅಲ್ಲಿದ್ದದ್ದು ಸುಮಾರು 600 ವಿದ್ಯಾರ್ಥಿಗಳು. ಅವರಲ್ಲಿ ಕಪ್ಪು ವರ್ಣೀಯರು ಬೆರಳೆಣಿಕೆಯಷ್ಟು.

ಇಷ್ಟು ಸಣ್ಣ ಕಾಲೇಜಿನಲ್ಲಿ ಒಬ್ಬರೇ ಹಲವು ತಂಡಗಳಲ್ಲಿ ಆಡುವುದು ಮಾಮೂಲು. ಡ್ರೂ ಫುಟ್‌ಬಾಲ್ ಆಡಿದರು (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್), ಹರ್ಡಲ್ಸ್ ಓಡಿದರು, ಅಥ್ಲೆಟಿಕ್ಸ್ ತಂಡದ ನಾಯಕರೂ ಆದರು. ಮೂರನೇ ವರ್ಷ ಫುಟ್‌ಬಾಲ್ ತಂಡದ ಅತ್ಯುತ್ತಮ ಆಟಗಾರ ಅವರೇ. ಆದರೂ ಕೊನೆಯ ವರ್ಷ ಆ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ಆಡಲು ಬೇಕು, ಮುಂದೆ ನಿಲ್ಲಲು ಬೇಡ. ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ.

ಆಟವಾಡುವಾಗ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದ್ದೂ ಉಂಟು. ವೈದ್ಯಕೀಯದ ಕಡೆ ಮನಸ್ಸು ಹೊರಳಲು ಅದೂ ಒಂದು ಕಾರಣ; 1920ರಲ್ಲಿ ತಂಗಿ ತೀರಿಕೊಂಡದ್ದು ಇನ್ನೊಂದು.

ದುಡ್ಡು ಕೂಡಿಸಲು ಡ್ರೂ ತಮಗೆ ಗೊತ್ತಿದ್ದ ಕೆಲಸವನ್ನೇ ಹಿಡಿದರು. ಬಾಲ್ಟಿಮೋರ್‌ನ ಮಾರ್ಗನ್ ಕಾಲೇಜಿನಲ್ಲಿ ಎರಡು ವರ್ಷ ಕ್ರೀಡಾ ನಿರ್ದೇಶಕ. ಜೊತೆಗೆ ರಸಾಯನಶಾಸ್ತ್ರ, ಜೀವಶಾಸ್ತ್ರದ ಪಾಠ. ಅಲ್ಲೇ ಉಳಿದಿದ್ದರೆ ಒಳ್ಳೆಯ ಕೋಚ್ ಎಂದು ಹೆಸರು ಮಾಡುತ್ತಿದ್ದರೇನೋ. ಅವರು ಹೋವರ್ಡ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕಿದರು. ಇಂಗ್ಲಿಷ್ ವಿಷಯದಲ್ಲಿ ಓದಿದ್ದು ಸಾಲದೆಂದು ಅರ್ಜಿ ತಿರಸ್ಕೃತವಾಯಿತು!

ಕೊನೆಗೆ ಸೀಟು ಕೊಟ್ಟದ್ದು ಕೆನಡಾದ ಮೆಕ್‌ಗಿಲ್. ಅಲ್ಲೂ ಹರ್ಡಲ್ಸ್ ಬಿಡಲಿಲ್ಲ. 1933ರಲ್ಲಿ 137 ಮಂದಿಯ ತರಗತಿಯಲ್ಲಿ ಎರಡನೆಯವರಾಗಿ ಪಾಸಾದರು. ರಕ್ತದ ಬಗೆಗಿನ ಆಸಕ್ತಿ ಹುಟ್ಟಿದ್ದೂ ಅಲ್ಲೇ. ಮುಂದೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ರಕ್ತ ಸಂಗ್ರಹದ ಕುರಿತು ಸಂಶೋಧನೆ ಮಾಡಿ 1940ರಲ್ಲಿ ಡಾಕ್ಟರೇಟ್ ಪಡೆದರು. ಪ್ಲಾಸ್ಮಾ ರಕ್ತಕ್ಕಿಂತ ಹೆಚ್ಚು ದಿನ ಕೆಡದೆ ಉಳಿಯುತ್ತದೆ. ಅದೇ ವರ್ಷ ಯುದ್ಧಪೀಡಿತ ಬ್ರಿಟನ್ನಿಗೆ ನ್ಯೂಯಾರ್ಕ್‌ನಿಂದ ಪ್ಲಾಸ್ಮಾ ಕಳಿಸುವ ಹೊಣೆ ಅವರ ಹೆಗಲೇರಿತು. ಸುಮಾರು 14,500 ಜನ ರಕ್ತ ಕೊಟ್ಟರು. ಆದರೆ ಮುಂದೆ ಅಮೆರಿಕದ ಸೈನ್ಯಕ್ಕೆ ರಕ್ತ ಸಂಗ್ರಹಿಸುವಾಗ ಕಪ್ಪು ವರ್ಣೀಯರ ರಕ್ತವನ್ನು ಮೊದಲು ನಿರಾಕರಿಸಿದರು, ಆಮೇಲೆ ಬೇರೆ ಇಟ್ಟರು. ಇದಕ್ಕೆ ವಿಜ್ಞಾನದ ಆಧಾರವೇ ಇಲ್ಲವೆಂದು ಡ್ರೂ ಬಹಿರಂಗವಾಗಿಯೇ ಟೀಕಿಸಿದರು.

ಹೊತ್ತಿಗೆ ಅವರು ಹೋವರ್ಡ್‌ಗೆ ಮರಳಿದ್ದರು, ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾಗಿ. ಅರ್ಜಿ ತಿರಸ್ಕರಿಸಿದ್ದ ಅದೇ ಹೋವರ್ಡ್! ಅಲ್ಲಿ ಯುವ ಶಸ್ತ್ರಚಿಕಿತ್ಸಕರನ್ನು ತಯಾರು ಮಾಡುವುದೇ ಅವರ ಮುಖ್ಯ ಕೆಲಸವಾಯಿತು.

1950ರ ಏಪ್ರಿಲ್ 1ರಂದು ಸಹವೈದ್ಯರೊಂದಿಗೆ ಟಸ್ಕೀಗಿಗೆ ಕಾರು ಓಡಿಸಿಕೊಂಡು ಹೊರಟಿದ್ದ ಡ್ರೂ, ನಾರ್ತ್ ಕೆರೊಲಿನಾದಲ್ಲಿ ಅಪಘಾತಕ್ಕೀಡಾದರು. ಬಿಳಿಯರ ಆಸ್ಪತ್ರೆ ಸೇರಿಸಿಕೊಳ್ಳದೆ ಸತ್ತರು ಎಂಬ ಕತೆ ಇಂದಿಗೂ ಓಡಾಡುತ್ತದೆ. ಅದು ನಿಜವಲ್ಲ, ಅಲ್ಲಿನ ವೈದ್ಯರು ಉಳಿಸಲು ಪ್ರಯತ್ನಿಸಿದ್ದರು. ಆಗ ಡ್ರೂಗೆ 45 ವರ್ಷ.