ವಿರೋಧಗಳ ನಡುವೆ ಫ್ರಾನ್ಸಿಸ್ ಪರ್ಕಿನ್ಸ್

1933ರ ಮಾರ್ಚ್. ಮಹಾ ಆರ್ಥಿಕ ಕುಸಿತದಿಂದ ಅಮೆರಿಕ ನಲುಗಿಹೋಗಿತ್ತು. ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಬ್ಯಾಂಕುಗಳು ಬಾಗಿಲು ಹಾಕಿದ್ದವು. ಆ ಹೊತ್ತಿನಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಸಂಪುಟಕ್ಕೆ ಕಾರ್ಮಿಕ ಸಚಿವೆಯಾಗಿ ಬಂದವರು ಫ್ರಾನ್ಸಿಸ್ ಪರ್ಕಿನ್ಸ್. ಆ ದೇಶದ ಕೇಂದ್ರ ಸಂಪುಟ ಸೇರಿದ ಮೊದಲ ಮಹಿಳೆ. 'ನ್ಯೂ ಡೀಲ್' ಸುಧಾರಣೆಗಳ ಕೀರ್ತಿ ಹೆಚ್ಚಾಗಿ ರೂಸ್‌ವೆಲ್ಟ್ ಅವರಿಗೆ ಸಂದಿದೆ. ಆ ಸುಧಾರಣೆಗಳಿಗೆ ಬಂದ ವಿರೋಧದ ಬಿಸಿಯನ್ನು ಈಕೆಯೂ ಸಾಕಷ್ಟು ಉಂಡರು.

1880ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಪರ್ಕಿನ್ಸ್ ಕಾಲೇಜಿನಲ್ಲಿ ಓದಿದ್ದು ಭೌತಶಾಸ್ತ್ರ. ಮನಸ್ಸು ಮಾತ್ರ ಕಾರ್ಖಾನೆಯ ಹೆಣ್ಣುಮಕ್ಕಳ ಕಡೆಗಿತ್ತು. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿತ್ತು. ಹೊರಹೋಗುವ ಬಾಗಿಲಿಗೆ ಬೀಗ ಹಾಕಲಾಗಿತ್ತು. 146 ಜನ ಸತ್ತರು. ಅವರಲ್ಲಿ ಹೆಚ್ಚಿನವರು ವಲಸೆ ಬಂದ ಯುವತಿಯರು. ಹತ್ತಿರದಲ್ಲೇ ಇದ್ದ ಪರ್ಕಿನ್ಸ್ ಓಡಿ ಬಂದಾಗ, ಜನ ಕಿಟಕಿಗಳಿಂದ ಕೆಳಗೆ ಹಾರುವುದನ್ನು ಕಣ್ಣಾರೆ ಕಂಡರು. ಮುಂದೆ ಕಾರ್ಖಾನೆ ಸುರಕ್ಷತೆಯ ಕಾನೂನುಗಳಿಗಾಗಿ ದುಡಿದರು. ಅವರ ಕೆಲಸವನ್ನು ಗುರುತಿಸಿ 1919ರಲ್ಲಿ ರಾಜ್ಯದ ದೊಡ್ಡ ಹುದ್ದೆ ಕೊಟ್ಟವರು ಗವರ್ನರ್ ಆಲ್ ಸ್ಮಿತ್. ಗಂಡನ ಮಾನಸಿಕ ಆರೋಗ್ಯ ಕೆಟ್ಟಿದ್ದರಿಂದ ಮನೆಯ ಖರ್ಚು, ಮಗಳ ಪಾಲನೆ ಎರಡೂ ಪರ್ಕಿನ್ಸ್ ಹೆಗಲ ಮೇಲಿದ್ದವು.

ಸಚಿವೆಯಾಗುವ ಮುನ್ನವೇ ಅವರು ರೂಸ್‌ವೆಲ್ಟ್ ಮುಂದೆ ಒಂದು ಪಟ್ಟಿ ಇಟ್ಟರು: ಕನಿಷ್ಠ ವೇತನ, ಕೆಲಸದ ಅವಧಿಗೆ ಮಿತಿ, ಬಾಲಕಾರ್ಮಿಕ ಪದ್ಧತಿಗೆ ತಡೆ, ನಿರುದ್ಯೋಗ ವಿಮೆ, ವೃದ್ಧಾಪ್ಯ ಪಿಂಚಣಿ, ಆರೋಗ್ಯ ವಿಮೆ. ಇವಕ್ಕೆ ಬೆಂಬಲ ಸಿಗುವುದಾದರೆ ಮಾತ್ರ ಹುದ್ದೆ ಒಪ್ಪುವುದಾಗಿ ತಿಳಿಸಿದರು. ರೂಸ್‌ವೆಲ್ಟ್ ಒಪ್ಪಿದರು.

ವಿರೋಧ ಎಲ್ಲ ದಿಕ್ಕಿನಿಂದ ಬಂತು. ಕಾರ್ಮಿಕ ಸಂಘದ ನಾಯಕರಿಗೆ ಸಂಘದ ಹೊರಗಿನ ಹೆಂಗಸು ಸಚಿವೆಯಾದದ್ದೇ ಹಿಡಿಸಲಿಲ್ಲ. ಉದ್ಯಮಿಗಳಿಗೆ ತೆರಿಗೆಯ ಭಯ. 1934ರಲ್ಲಿ ಶ್ರೀಮಂತ ಉದ್ಯಮಿಗಳ ಬೆಂಬಲದಿಂದ 'ಅಮೆರಿಕನ್ ಲಿಬರ್ಟಿ ಲೀಗ್' ಹುಟ್ಟಿತು. ಒಂದು ಕಾಲದಲ್ಲಿ ಪರ್ಕಿನ್ಸ್ ಅವರನ್ನು ಮೇಲೆ ತಂದ ಆಲ್ ಸ್ಮಿತ್ ಅವರೇ ಅದನ್ನು ಸೇರಿ ನ್ಯೂ ಡೀಲ್ ವಿರುದ್ಧ ಗುಡುಗಿದರು. 1935ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೈಗಾರಿಕಾ ಪುನಶ್ಚೇತನ ಕಾಯ್ದೆಯ ಸಂಹಿತೆಗಳನ್ನು ಸಂವಿಧಾನಬಾಹಿರ ಎಂದು ರದ್ದು ಮಾಡಿತು.

ಪಿಂಚಣಿ ಕಾಯ್ದೆಗೂ ಅದೇ ಗತಿ ಬರಬಾರದು ಎಂಬ ಎಚ್ಚರ ಪರ್ಕಿನ್ಸ್ ಅವರಿಗಿತ್ತು. ತೆರಿಗೆ ಹಾಕುವ ಅಧಿಕಾರವನ್ನು ಆಧಾರವಾಗಿಟ್ಟುಕೊಂಡರೆ ಕಾಯ್ದೆ ಉಳಿಯಬಹುದೆಂಬ ಸುಳಿವನ್ನು ಚಹಾ ಕೂಟವೊಂದರಲ್ಲಿ ಕೊಟ್ಟವರು ಅದೇ ಕೋರ್ಟಿನ ನ್ಯಾಯಮೂರ್ತಿ ಹಾರ್ಲನ್ ಸ್ಟೋನ್. 1935ರ ಆಗಸ್ಟ್ 14ರಂದು ಸಾಮಾಜಿಕ ಭದ್ರತಾ ಕಾಯ್ದೆಗೆ ಸಹಿ ಬಿತ್ತು. 1937ರಲ್ಲಿ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಸಂಬಳದಲ್ಲಿ ಪಿ.ಎಫ್. ಕಡಿತ ಕಂಡಾಗ ನಮಗೂ ಒಮ್ಮೆ ಚುರ್ ಎನ್ನುತ್ತದಲ್ಲವೇ? 1936ರ ಚುನಾವಣೆಯಲ್ಲಿ ವಿರೋಧಿಗಳು ಅದನ್ನೇ ಆಯುಧ ಮಾಡಿಕೊಂಡರು. ಜನವರಿಯಿಂದ ಕಡಿತ ಶುರುವಾಗುತ್ತದೆಂದು ಹೆದರಿಸುವ ಚೀಟಿಗಳನ್ನು ಕೆಲವು ಮಾಲೀಕರು ಸಂಬಳದ ಲಕೋಟೆಯಲ್ಲೇ ಇಟ್ಟರು. ರಿಪಬ್ಲಿಕನ್ ಅಭ್ಯರ್ಥಿ ಆಲ್ಫ್ ಲ್ಯಾಂಡನ್ ಕೂಡ ಯೋಜನೆಯನ್ನು ಕಟುವಾಗಿ ಟೀಕಿಸಿದರು. ಅವರು ಗೆದ್ದದ್ದು ಎರಡೇ ರಾಜ್ಯಗಳನ್ನು.

ಆಮೇಲೆ ದಾಳಿ ವೈಯಕ್ತಿಕವಾಯಿತು. ಆಸ್ಟ್ರೇಲಿಯಾ ಮೂಲದ ಬಂದರು ಕಾರ್ಮಿಕ ನಾಯಕ ಹ್ಯಾರಿ ಬ್ರಿಡ್ಜಸ್ ಕಮ್ಯುನಿಸ್ಟ್, ಅವರನ್ನು ಗಡೀಪಾರು ಮಾಡಬೇಕೆಂಬ ಒತ್ತಡ ಬಂದಾಗ, ಕಾನೂನಿಗೆ ನಿಲ್ಲುವ ಸಾಕ್ಷ್ಯವಿಲ್ಲದೆ ಹೆಜ್ಜೆ ಇಡಲು ಪರ್ಕಿನ್ಸ್ ಒಪ್ಪಲಿಲ್ಲ. 1939ರ ಜನವರಿಯಲ್ಲಿ ಸಂಸದ ಪಾರ್ನೆಲ್ ಥಾಮಸ್ ಅವರ ವಿರುದ್ಧ ಮಹಾಭಿಯೋಗದ ಗೊತ್ತುವಳಿ ತಂದರು. ಪರ್ಕಿನ್ಸ್ ಸಮಿತಿಯ ಮುಂದೆ ಹೋಗಿ ವಿವರಣೆ ಕೊಟ್ಟರು. ಆರೋಪದಲ್ಲಿ ಹುರುಳಿಲ್ಲವೆಂದು ಗೊತ್ತುವಳಿ ಬಿದ್ದುಹೋಯಿತು. ಅದೇ ಥಾಮಸ್ ಮುಂದೆ ವಂಚನೆ ಪ್ರಕರಣದಲ್ಲಿ ಜೈಲು ಸೇರಿದರು.

ಆದರೂ ಪಟ್ಟಿಯಲ್ಲಿದ್ದದ್ದೆಲ್ಲ ಕೈಗೂಡಲಿಲ್ಲ. ವೈದ್ಯರ ಸಂಘದ ವಿರೋಧಕ್ಕೆ ಅಂಜಿ ಸರ್ಕಾರ ಆರೋಗ್ಯ ವಿಮೆಯನ್ನು ಕೈಬಿಟ್ಟಿತು. ಮನೆಗೆಲಸದವರು, ಹೊಲದಲ್ಲಿ ದುಡಿಯುವವರು ಪಿಂಚಣಿಯಿಂದ ಹೊರಗುಳಿದರು. ಕಪ್ಪು ಜನಾಂಗದ ಹೆಂಗಸರಲ್ಲಿ ಬಹುಪಾಲು ಜನರ ದುಡಿಮೆ ಇದೇ ಆಗಿತ್ತು. ಇವರಲ್ಲಿ ಕಾಯಂ ಕೆಲಸವಿದ್ದವರಿಗೆ ಪಿಂಚಣಿಯ ರಕ್ಷಣೆ ಸಿಗಲು 1950ರವರೆಗೆ ಕಾಯಬೇಕಾಯಿತು. ಯಾವ ಯೋಜನೆಯಲ್ಲೇ ಆಗಲಿ, ಮೊದಲು ಬಿಟ್ಟುಹೋಗುವುದು ಯಾರ ಹೆಸರು ಎಂದು ಕೇಳುವುದನ್ನು ಈ ಅಧ್ಯಾಯ ಕಲಿಸುತ್ತದೆ.

1938ರಲ್ಲಿ ಗಂಟೆಗೆ 25 ಸೆಂಟ್ ಕನಿಷ್ಠ ವೇತನದ ಕಾಯ್ದೆ ಬಂತು. 12 ವರ್ಷ ಸಚಿವೆಯಾಗಿದ್ದು, 1945ರಲ್ಲಿ ಪರ್ಕಿನ್ಸ್ ಹುದ್ದೆ ಬಿಟ್ಟರು. ಕೊನೆಯವರೆಗೂ ಪಾಠ ಹೇಳುತ್ತಾ, 1965ರ ಮೇ 14ರಂದು 85ನೇ ವಯಸ್ಸಿನಲ್ಲಿ ತೀರಿಕೊಂಡರು. ಎರಡೂವರೆ ತಿಂಗಳ ನಂತರ ವೃದ್ಧರ ಆರೋಗ್ಯ ವಿಮೆ 'ಮೆಡಿಕೇರ್'ಗೆ ಸಹಿ ಬಿತ್ತು. ಅವರ ಪಟ್ಟಿಯ ಕೊನೆಯ ಸಾಲಿನಲ್ಲಿ ಅಷ್ಟಾದರೂ ಕೈಗೂಡಿತು, ನೋಡಲು ಅವರಿರಲಿಲ್ಲ.