ಅಸ್ಥಿಚಿಕಿತ್ಸಕ ಇಲಿಜಾರೋವ್

ಕೃಷ್ಣೆಯ ದಂಡೆಯ ಗೂಗಲಿನಂಥ ಹಳ್ಳಿಯಲ್ಲಾಗಲಿ, ಸೈಬೀರಿಯದ ಹಿಮದ ಬಯಲಿನಲ್ಲಾಗಲಿ, ಅಪರೂಪಕ್ಕೊಮ್ಮೆ ಕಾಲಿನ ಎಲುಬೊಂದು ಇಲ್ಲದೆಯೇ ಮಗು ಹುಟ್ಟುವುದುಂಟು. ಮೊಣಕಾಲಿನಿಂದ ಪಾದದವರೆಗೆ ಇರಬೇಕಾದ ಎರಡು ಎಲುಬುಗಳಲ್ಲಿ ಹೊರಬದಿಯ ತೆಳುವಾದುದು ಇಲ್ಲದೆ ಹೋದರೆ ಕಾಲು ಗಿಡ್ಡಾಗುತ್ತದೆ, ದಪ್ಪ ಎಲುಬು ಬಾಗುತ್ತದೆ, ಪಾದ ಹೊರಕ್ಕೆ ತಿರುಗುತ್ತದೆ. ಮಗು ಬೆಳೆದಂತೆ ಎರಡು ಕಾಲುಗಳ ನಡುವಿನ ಅಂತರವೂ ಬೆಳೆಯುತ್ತದೆ. ಕೊರತೆ ತೀವ್ರವಾಗಿದ್ದರೆ ಪಾದವನ್ನು ಕತ್ತರಿಸಿ ಕೃತಕ ಕಾಲು ತೊಡಿಸುವುದೇ ಬಹುಕಾಲ ವೈದ್ಯರ ಮುಖ್ಯ ಪರಿಹಾರವಾಗಿತ್ತು. ಇಂಥ ಮಕ್ಕಳಿಗೆ ಇನ್ನೊಂದು ದಾರಿಯನ್ನು ತೆರೆದವರು ಡಾ. ಗವ್ರೀಲ್ ಇಲಿಜಾರೋವ್.

ಇವರು ಜನಿಸಿದ್ದು 1921ರಲ್ಲಿ, ಪೋಲೆಂಡಿನಲ್ಲಿ. ಬಾಲ್ಯ ಕಳೆದದ್ದು ಕಾಕಸಸ್ ಪರ್ವತಗಳ ತಪ್ಪಲಿನಲ್ಲಿ. ಬಡ ಯಹೂದಿ ಕುಟುಂಬದ ಆರು ಮಕ್ಕಳಲ್ಲಿ ಇವರೇ ಹಿರಿಯರು. ತಂದೆಯನ್ನು ಎಳವೆಯಲ್ಲಿಯೇ ಕಳೆದುಕೊಂಡು, ತಡವಾಗಿ ಶಾಲೆ ಸೇರಿದರೂ ವೈದ್ಯವಿದ್ಯೆಯ ಹಂಬಲವನ್ನು ಬಿಡಲಿಲ್ಲ. ಮಹಾಯುದ್ಧದ ನಡುವೆ ಓದು ಮುಗಿಸಿ, 1944ರಲ್ಲಿ ಕುರ್ಗಾನ್ ಪ್ರಾಂತದ ದೊಲ್ಗೊವ್ಕ ಎಂಬ ಹಳ್ಳಿಯ ಆಸ್ಪತ್ರೆಗೆ ಬಂದರು. ಹೆರಿಗೆಯಿಂದ ಎಲುಬು ಮುರಿತದವರೆಗೆ ಎಲ್ಲವನ್ನೂ ಅವರೇ ನೋಡಬೇಕಾಗಿತ್ತು. ಯುದ್ಧದಿಂದ ಮರಳಿದ ಸೈನಿಕರ ಕೂಡದ ಎಲುಬುಗಳು ಅವರನ್ನು ಚಿಂತೆಗೀಡುಮಾಡಿದವು.

1951ರ ಹೊತ್ತಿಗೆ ಅವರು ಒಂದು ಸಾಧನವನ್ನು ರೂಪಿಸಿದರು. ಕಾಲಿನ ಸುತ್ತ ಲೋಹದ ಉಂಗುರಗಳು. ಉಂಗುರಕ್ಕೆ ಬಿಗಿದು ಎಲುಬಿನ ಮೂಲಕ ಹಾಯ್ದ ತೆಳು ತಂತಿಗಳು. ಉಂಗುರಗಳನ್ನು ಜೋಡಿಸುವ ತಿರುಪಿನ ಸರಳುಗಳು. ಸೈಕಲ್ಲಿನ ಕಡ್ಡಿ ತೆಳ್ಳಗಿದ್ದರೂ ಬಿಗಿದಾಗ ಸವಾರನ ಭಾರವನ್ನು ತಾಳುವುದಲ್ಲವೆ? ತತ್ತ್ವ ಅದೇ. ಮೊದಲು ಇದರಿಂದ ಮುರಿದ ಎಲುಬುಗಳನ್ನು ಒತ್ತಿ ಕೂಡಿಸುತ್ತಿದ್ದರು. ರೋಗಿಯೊಬ್ಬನು ತಿರುಪನ್ನು ಅಡ್ಡದಿಕ್ಕಿಗೆ ತಿರುಗಿಸಿದಾಗ ಬಿರುಕಿನಲ್ಲಿ ಹೊಸ ಎಲುಬು ಕಾಣಿಸಿತೆಂದು ಪ್ರತೀತಿ.

ಕಾಲನ್ನು ಎಳೆದು ಉದ್ದಗೊಳಿಸುವ ಯತ್ನವನ್ನು ಇಟಲಿಯ ಕೊದಿವಿಲ್ಲ ಅವರು 1905ರಲ್ಲಿಯೇ ಪ್ರಕಟಿಸಿದ್ದರು. ಆದರೆ ಅವಸರದ ಎಳೆತವನ್ನು ದೇಹ ಸಹಿಸದು. ಇಲಿಜಾರೋವ್ ಕಂಡುಕೊಂಡ ಸತ್ಯ ತಾಳ್ಮೆಯದು. ಎಲುಬಿನ ಒಳಗಿನ ರಕ್ತಸಂಚಾರ ಕೆಡದಂತೆ ಹೊರಪದರವನ್ನು ಕತ್ತರಿಸಿ, ಕೆಲವು ದಿನ ಕಾದು, ದಿನಕ್ಕೆ ಒಂದು ಮಿಲಿಮೀಟರಿನಷ್ಟು, ಅದನ್ನೂ ನಾಲ್ಕು ಸಲಕ್ಕೆ ಹಂಚಿ ಎಳೆದರೆ, ನಡುವಿನ ತೆರಪಿನಲ್ಲಿ ಹೊಸ ಎಲುಬು ಹುಟ್ಟುತ್ತದೆ. ಸ್ನಾಯು, ನರ, ರಕ್ತನಾಳ, ಚರ್ಮಗಳೂ ಜೊತೆಗೂಡಿ ಬೆಳೆಯುತ್ತವೆ. ಐದು ಸೆಂಟಿಮೀಟರ್ ಎಳೆಯಲು ಐವತ್ತು ದಿನ. ಅದು ಗಟ್ಟಿಯಾಗಲು ಅದಕ್ಕಿಂತ ಹೆಚ್ಚು ದಿನ.

ದೂರದ ಊರಿನ ವೈದ್ಯನ ಮಾತನ್ನು ರಾಜಧಾನಿಯ ಪಂಡಿತರು ಬಹುಕಾಲ ನಂಬಲಿಲ್ಲ. ಎತ್ತರ ಜಿಗಿತದಲ್ಲಿ 1964ರ ಒಲಿಂಪಿಕ್ ವಿಜೇತನಾದ ವಲೇರಿ ಬ್ರುಮೆಲ್ ಮರುವರ್ಷ ಅಪಘಾತದಲ್ಲಿ ಕಾಲು ಮುರಿದುಕೊಂಡು, ಅನೇಕ ಶಸ್ತ್ರಚಿಕಿತ್ಸೆಗಳ ನಂತರ 1968ರಲ್ಲಿ ಕುರ್ಗಾನಿಗೆ ಬಂದನು. ಅಲ್ಲಿ ಗುಣಹೊಂದಿ ಮತ್ತೆ ಎರಡು ಮೀಟರಿಗೂ ಎತ್ತರ ಜಿಗಿದ ಮೇಲೆ ಸಂದೇಹಗಳು ಅಡಗತೊಡಗಿದವು. 1971ರಲ್ಲಿ ಸಂಶೋಧನ ಸಂಸ್ಥೆ ಸ್ಥಾಪಿತವಾಯಿತು. 1978ರಲ್ಲಿ ಲೆನಿನ್ ಪ್ರಶಸ್ತಿ ಬಂದಿತು. ಇಟಲಿಯ ಸಾಹಸಿ ಕಾರ್ಲೊ ಮೌರಿ ಕುರ್ಗಾನಿನಲ್ಲಿ ಗುಣಮುಖನಾಗಿ ಊರಿಗೆ ಮರಳಿದಾಗ ಅಲ್ಲಿನ ವೈದ್ಯರು ಬೆರಗಾದರು. 1981ರಲ್ಲಿ ಇಲಿಜಾರೋವ್ ಬೆಲ್ಲಾಜಿಯೊ ನಗರದಲ್ಲಿ ಉಪನ್ಯಾಸವಿತ್ತರು. ವಿದ್ಯೆ ಪಶ್ಚಿಮಕ್ಕೆ ಹರಿದದ್ದು ಅಂದಿನಿಂದ.

ಎಲುಬಿಲ್ಲದೆ ಹುಟ್ಟಿದ ಮಕ್ಕಳ ಪಾಲಿಗೆ ಈ ದಾರಿ ಸುಲಭವಾದುದಲ್ಲ. ಕಾಲು ಉದ್ದವಾದರೆ ಸಾಲದು, ಪಾದವೂ ನೇರವಾಗಿ ನಿಲ್ಲಬೇಕು. ಬಾಲ್ಯದಲ್ಲಿ ಎರಡು ಮೂರು ಸಲ ಉಂಗುರ ತೊಡಬೇಕಾಗಬಹುದು. ತಂತಿ ಹೊಕ್ಕೆಡೆಯಲ್ಲಿ ಸೋಂಕು, ಕೀಲಿನ ಬಿಗಿತ, ನೋವು, ಇವೆಲ್ಲ ಜೊತೆಗಿವೆ. ಪಾದ ತೀರ ವಿರೂಪವಾಗಿದ್ದರೆ ಅದನ್ನು ತೆಗೆದು ಕೃತಕ ಕಾಲಿನಿಂದ ಓಡಾಡಿಸುವುದೇ ಲೇಸೆಂದು ಇಂದಿಗೂ ಬಲ್ಲವರು ಹೇಳುವುದುಂಟು. ಆ ಮಾತಿನಲ್ಲಿ ಕ್ರೌರ್ಯವಿಲ್ಲ. ಆದರೆ ಹಿಂದೆ ಒಂದೇ ಉತ್ತರವಿದ್ದಲ್ಲಿ ಇಂದು ತಂದೆತಾಯಿಗಳ ಮುಂದೆ ಎರಡಿವೆ.

1992ರಲ್ಲಿ ಇಲಿಜಾರೋವ್ ಕುರ್ಗಾನಿನಲ್ಲಿಯೇ ಕಣ್ಮುಚ್ಚಿದರು. ಇಂದು ನಮ್ಮ ನಾಡಿನ ಆಸ್ಪತ್ರೆಗಳಲ್ಲಿಯೂ ಆ ಉಂಗುರಗಳು ಪರಿಚಿತ. ಪ್ರತಿದಿನ ತಿರುಪನ್ನು ತಿರುಗಿಸುವವರು ಬಹುಮಟ್ಟಿಗೆ ಮನೆಯವರೇ. ಕಾಲು ಮಿಲಿಮೀಟರು ಕಣ್ಣಿಗೆ ಕಾಣದು. ತಿಂಗಳುಗಳ ಮೇಲೆ ಮಗು ನೆಲದ ಮೇಲೆ ಎರಡೂ ಪಾದಗಳನ್ನು ಊರಿದಾಗ ಕಾಣುತ್ತದೆ.