ನೇತ್ರಸೇವಾಧುರೀಣ ಡಾ. ಎಂ. ಸಿ. ಮೋದಿ

ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿರುವ ಬೀಳಗಿಯು ಅಂದು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯ ಊರು. ಅಲ್ಲಿ 1916ರ ಅಕ್ಟೋಬರ್ 4ರಂದು ಮುರುಗೆಪ್ಪ ಚನ್ನವೀರಪ್ಪ ಮೋದಿಯವರು ಜನಿಸಿದರು. ವೃದ್ಧರ ಕಣ್ಣಿಗೆ ಪೊರೆ ಬಂದರೆ ಮುಪ್ಪಿನ ಧರ್ಮವೆಂದು ಬಗೆದು ಮೂಲೆ ಹಿಡಿದು ಕೂರುವುದು ಆಗಿನ ಹಳ್ಳಿಗಳ ವಾಡಿಕೆಯಾಗಿತ್ತು. ಆಸ್ಪತ್ರೆ ದೂರ, ಕೈಯಲ್ಲಿ ಕಾಸಿಲ್ಲ, ಕರೆದೊಯ್ಯುವ ಮಗನಿಗೆ ಕೂಲಿ ನಷ್ಟ. ರೋಗಿಯು ವೈದ್ಯನಲ್ಲಿಗೆ ಬರಲಾರನಾದರೆ ವೈದ್ಯನೇ ರೋಗಿಯಲ್ಲಿಗೆ ಹೋಗಬೇಕೆಂಬ ನಿಶ್ಚಯವನ್ನು ಮೋದಿಯವರು ತಳೆದರು. 1943ರಿಂದ ಅವರ ಸಂಚಾರ ಮೊದಲಾಯಿತು.

ಅವರ ಶಿಬಿರಗಳ ಕ್ರಮವೇ ಬೇರೆ. ರೋಗಿಗಳು ಸಾಲಾಗಿ ಮಲಗಿರುವರು. ಶಸ್ತ್ರವೈದ್ಯರು ಒಂದು ಕಣ್ಣಿನಿಂದ ಮತ್ತೊಂದು ಕಣ್ಣಿಗೆ ಸಾಗುತ್ತ ಮಬ್ಬಾದ ಮಸೂರವನ್ನು ಹೊರತೆಗೆಯುವರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಶಸ್ತ್ರಕ್ರಿಯೆಗಳನ್ನು ನಡೆಸಿದ ಸಂಗತಿ ಗಿನ್ನೆಸ್ ದಾಖಲೆಯನ್ನು ಸೇರಿತು. 1993ರ ವೇಳೆಗೆ ಅವರು ಕಂಡ ಹಳ್ಳಿಗಳು 46 ಸಾವಿರಕ್ಕೂ ಹೆಚ್ಚು. ಪರೀಕ್ಷಿಸಿದ ರೋಗಿಗಳು ಒಂದು ಕೋಟಿಗೂ ಮಿಕ್ಕು. ಶಸ್ತ್ರಕ್ರಿಯೆಗಳು ಆರು ಲಕ್ಷದಷ್ಟು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರನ್ನು ಅರಸಿ ಬಂದವು.

ಈ ಮಹಾಕಾರ್ಯಕ್ಕೂ ಒಂದು ಮೇರೆಯಿತ್ತೆಂಬುದನ್ನು ಮರೆಮಾಡಬೇಕಾಗಿಲ್ಲ. ತೆಗೆದ ಮಸೂರದ ಸ್ಥಾನದಲ್ಲಿ ಕೃತಕ ಮಸೂರವನ್ನಿಡುವ ಪದ್ಧತಿ ಆಗಿನ ಶಿಬಿರಗಳಲ್ಲಿರಲಿಲ್ಲ. ದಪ್ಪ ಗಾಜಿನ ಕನ್ನಡಕವೇ ಗತಿ. ಅದು ಒಡೆದರೆ ಬಡವನಿಗೆ ಮರಳಿ ಕತ್ತಲೆ.

ಇನ್ನೊಂದು ಮೇರೆ ಇದಕ್ಕಿಂತ ಗಹನವಾದುದು. ಕಬ್ಬಿಣಕ್ಕೆ ತುಕ್ಕು ಹಿಡಿಯುವಂತೆ ಪ್ರಾಣವಾಯುವಿನ ಉಗ್ರರೂಪಗಳು ದೇಹದ ಕಣಗಳನ್ನು ಕೆಡಿಸುವ ಕ್ರಿಯೆಗೆ ಉತ್ಕರ್ಷಣವೆಂದು ಹೆಸರು. ಮಸೂರದ ತಿರುಳಿನ ಪ್ರೋಟೀನುಗಳು ಹುಟ್ಟಿನಿಂದ ಬಂದವು, ಹೊಸದಾಗಿ ಬದಲಿಯಾಗುವಂಥವಲ್ಲ. ವಯಸ್ಸಾದಂತೆ ಅವು ಉತ್ಕರ್ಷಣಗೊಂಡು ಗಂಟುಗಟ್ಟುವುದು ಪೊರೆಗೆ ಒಂದು ಮುಖ್ಯ ಕಾರಣ. ಅದೇ ಕಿಚ್ಚು ಮಸೂರದ ಹಿಂದಿರುವ ಅಕ್ಷಿಪಟವನ್ನೂ, ವೈದ್ಯರು ರೆಟಿನಾ ಎನ್ನುವ ಆ ಪದರವನ್ನೂ, ಬಿಡುವುದಿಲ್ಲ. ದೇಹದಲ್ಲಿ ಅತ್ಯಧಿಕ ಪ್ರಾಣವಾಯುವನ್ನು ಬಳಸುವ ಭಾಗಗಳಲ್ಲಿ ಅಕ್ಷಿಪಟ ಒಂದು. ಅದರ ಕೋಶಗಳು ಸುಲಭವಾಗಿ ಕೆಡುವ ಕೊಬ್ಬಿನಿಂದ ತುಂಬಿವೆ. ಹಗಲೆಲ್ಲ ಬೆಳಕಿನ ಹೊಡೆತ ಬೇರೆ. ಕೆಟ್ಟ ಕಣಗಳ ಕಸವು ಅಕ್ಷಿಪಟದ ಅಡಿಯಲ್ಲಿ ಸಂಗ್ರಹವಾಗುತ್ತದೆ. ಆ ಕಸವನ್ನು ಶತ್ರುವೆಂದು ಬಗೆದ ದೇಹದ ರಕ್ಷಣಾವ್ಯವಸ್ಥೆ ಉರಿಯೂತವನ್ನು ಹುಟ್ಟಿಸುತ್ತದೆ. ಕಾವಲುಗಾರನೇ ಮನೆಗೆ ಬೆಂಕಿಯಿಟ್ಟಂತೆ! ದೃಷ್ಟಿಯ ನಡುಭಾಗ ಕ್ರಮೇಣ ಅಳಿಸಿಹೋಗುತ್ತದೆ. ಎದುರಿಗಿರುವವರ ಮುಖ ಕಾಣದು, ಪುಸ್ತಕದ ಅಕ್ಷರ ಕಾಣದು.

ಇಂಥ ಕಣ್ಣಿಗೆ ಪೊರೆಯ ಕತ್ತಿಯಿಂದ ಪ್ರಯೋಜನವಿಲ್ಲ. ಮಸೂರದ ಕಿಟಕಿಯನ್ನು ತೊಳೆದರೂ ಹಿಂದಿನ ಗೋಡೆಯ ಚಿತ್ರವೇ ಅಳಿಸಿದ್ದರೆ ಶಸ್ತ್ರವೈದ್ಯನ ಕೈ ಏನು ಮಾಡೀತು? ಮೋದಿಯವರ ಸಂಚಾರದ ಬಹುಕಾಲ ಈ ರೋಗಕ್ಕೆ ಜಗತ್ತಿನಲ್ಲೆಲ್ಲೂ ಹೇಳಿಕೊಳ್ಳುವಂಥ ಮದ್ದಿರಲಿಲ್ಲ. 2001ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನವು ಸಿ ಮತ್ತು ಇ ಜೀವಸತ್ವಗಳು, ಬೀಟಾ ಕ್ಯಾರೊಟಿನ್ ಹಾಗೂ ಸತುವು ಕೂಡಿದ ಉತ್ಕರ್ಷಣನಿರೋಧಕ ಗುಳಿಗೆಗಳು ಮಧ್ಯಮ ಹಂತ ಮುಟ್ಟಿದವರಲ್ಲಿ ರೋಗ ಉಲ್ಬಣಿಸುವ ಅಪಾಯವನ್ನು ಸುಮಾರು ಕಾಲುಭಾಗ ತಗ್ಗಿಸುತ್ತವೆಂದು ತೋರಿಸಿತು. ರೋಗ ಬರುವುದನ್ನೇ ಅವು ತಡೆಯುತ್ತವೆಂದು ಅದು ಹೇಳಲಿಲ್ಲ. ಧೂಮಪಾನವು ಈ ಕಿಚ್ಚಿಗೆ ತುಪ್ಪ ಸುರಿಯುತ್ತದೆಂಬುದಂತೂ ಖಚಿತ.

ಮೋದಿಯವರು 2005ರ ನವೆಂಬರ್ 11ರಂದು ಬೆಂಗಳೂರಿನಲ್ಲಿ ದಿವಂಗತರಾದರು. ಮಹಾಲಕ್ಷ್ಮಿಪುರದ ಬಳಿ ಅವರ ಹೆಸರಿನ ಆಸ್ಪತ್ರೆಯಿಂದಲೇ ಅಲ್ಲಿಯ ರಸ್ತೆಗೆ ಮೋದಿ ಆಸ್ಪತ್ರೆ ರಸ್ತೆಯೆಂಬ ಹೆಸರು ಬಂದಿದೆ. ಮರುವರ್ಷ, 2006ರಲ್ಲಿ, ಅಕ್ಷಿಪಟದಡಿ ರಕ್ತನಾಳಗಳು ಬೆಳೆದು ಸೋರುವ ಬಗೆಯ ರೋಗಕ್ಕೆ ಕಣ್ಣಿನೊಳಗೇ ಚುಚ್ಚುವ ರಾನಿಬಿಜುಮಾಬ್ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆದರೆ ಗಾಯ ಕಲೆಗಟ್ಟುವ ಮುನ್ನ ಅದು ಸಲ್ಲಬೇಕು. ಇಂದು ಜಯನಗರ, ಬನಶಂಕರಿಗಳ ಉದ್ಯಾನಗಳಲ್ಲಿ ಸಂಜೆ ಕೂರುವ ಹಿರಿಯರಲ್ಲಿ ಪೊರೆ ತೆಗೆಸಿಕೊಂಡು ನಿಶ್ಚಿಂತರಾದವರು ಅನೇಕರು. ನೆಟ್ಟನೆಯ ಬಾಗಿಲ ಚೌಕಟ್ಟು ಡೊಂಕಾಗಿ ಕಂಡ ದಿನವೇ ಅವರು ಅಕ್ಷಿಪಟದ ಪರೀಕ್ಷೆ ಮಾಡಿಸಿಕೊಳ್ಳಬೇಕು.